ಕಾಯಿಲೆಯಿಂದ ಬಿಟ್ಟ ಕೆಲಸ: ಮುಂದಿನ ಉದ್ಯೋಗದಾತರಿಗೆ ಹೇಳುವುದೇನು?

ದೀರ್ಘಕಾಲದ ಚಿಕಿತ್ಸೆ ಮುಗಿದಾಗ ವೈದ್ಯರು "ಇನ್ನು ಕೆಲಸಕ್ಕೆ ಹೋಗಬಹುದು" ಎನ್ನುತ್ತಾರೆ. ಮನೆಮಂದಿಗೆ ಅದು ಸಮಾಧಾನದ ಮಾತು. ಆದರೆ ಹೋಗಲು ಕೆಲಸವೇ ಉಳಿದಿರದ ರೋಗಿಗೆ ಅಲ್ಲಿಂದಲೇ ಎರಡನೆಯ ಸಂಕಟ ಆರಂಭವಾಗುತ್ತದೆ. ರಜೆ ತೀರಿತ್ತು, ಜ್ವರವೋ ನೋವೋ ಮನಸ್ಸಿನ ಕುಸಿತವೋ ಏಳಲು ಬಿಡಲಿಲ್ಲ, ನೋಟಿಸ್ ಕೊಡುವಷ್ಟೂ ಚೈತನ್ಯವಿರಲಿಲ್ಲ, ಕಚೇರಿಯಿಂದ ಬಂದ ಕರೆಗಳಿಗೆ ಉತ್ತರಿಸಲಿಲ್ಲ. ಒಂದು ದಿನ ಹೆಸರು ಹಾಜರಿ ಪುಸ್ತಕದಿಂದ ಹೊರಬಿತ್ತು. ಈಗ ಹೊಸ ಕಡೆ ಸಂದರ್ಶನಕ್ಕೆ ಹೋದರೆ ಮೊದಲ ಹತ್ತು ನಿಮಿಷದೊಳಗೆ ಬರುವ ಪ್ರಶ್ನೆ ಒಂದೇ: "ಹಿಂದಿನ ಕೆಲಸವನ್ನು ಹಾಗೆ ಇದ್ದಕ್ಕಿದ್ದಂತೆ ಏಕೆ ಬಿಟ್ಟಿರಿ?" ಈ ಪ್ರಶ್ನೆಗೆ ಹೆದರಿ ಅರ್ಜಿಯನ್ನೇ ಹಾಕದೆ ವರ್ಷಗಟ್ಟಲೆ ಮನೆಯಲ್ಲಿ ಕುಳಿತವರು ನಮ್ಮ ಭಕ್ತ ಕುಟುಂಬಗಳಲ್ಲಿಯೂ ಇದ್ದಾರೆ. ಔಷಧಿ, ಪಥ್ಯಗಳ ಸಂಗಡ ಇದನ್ನೂ ಆರೋಗ್ಯದ ವಿಷಯವೆಂದೇ ಭಾವಿಸಿ ಈ ಸಂಚಿಕೆಯಲ್ಲಿ ವಿವರಿಸುತ್ತಿದ್ದೇವೆ. ಕೆಲಸವಿಲ್ಲದ ಬಿಡುವು ದೀರ್ಘವಾದಷ್ಟೂ ಗುಣವಾದ ದೇಹ ಮತ್ತೆ ಜಡವಾಗುತ್ತದೆ, ಮನಸ್ಸು ಕುಗ್ಗುತ್ತದೆ.

ನಮ್ಮ ಸಮಾಜದಲ್ಲಿ ಈ ಸಂಕಟಕ್ಕೆ ಇನ್ನೊಂದು ಮುಖವಿದೆ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳಲ್ಲಿಯೇ ಕಾಯಕ ಸೇರಿಕೊಂಡಿದೆ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ. ಕಾಯಕವೇ ವ್ಯಕ್ತಿಯ ಗುರುತಾಗಿರುವ ಪರಂಪರೆಯಲ್ಲಿ ಬೆಳೆದವರಿಗೆ ಕೆಲಸ ಬಿಟ್ಟವರೆಂಬ ಮಾತು ಸೋಮಾರಿಯೆಂಬ ಮಾತಿಗಿಂತಲೂ ಚುಚ್ಚುತ್ತದೆ. ಹಿರಿಯರು ಅರಿಯದೆ ಆಡುವ ಮಾತುಗಳೂ ಗಾಯದ ಮೇಲೆ ಬರೆಯಾಗುತ್ತವೆ. ಆದರೆ ಕಾಯಕವೆಂಬ ಪದದೊಳಗೆ ಕಾಯವಿದೆಯೆಂಬುದನ್ನು ಮರೆಯಬಾರದು. ದಂಡಿಸಲು ಕಾಯವೇ ಸಮರ್ಥವಾಗಿಲ್ಲದಾಗ ಅದನ್ನು ಸರಿಪಡಿಸಿಕೊಳ್ಳಲು ಕಳೆದ ಕಾಲವನ್ನು ಕಾಯಕಕ್ಕೆ ಬಗೆದ ದ್ರೋಹವೆಂದು ಎಣಿಸುವುದು ಸಲ್ಲದು. ಸಂದರ್ಶನದಲ್ಲಿ ಅಪರಾಧಿಯಂತೆ ತಲೆ ತಗ್ಗಿಸಿ ಕುಳಿತುಕೊಳ್ಳುವವರು ಮೊದಲು ಮನಸ್ಸಿನಲ್ಲಿ ಇಷ್ಟನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಮಾತಿನ ಸಿದ್ಧತೆ ಆಮೇಲಿನದು.

ಎದುರಿಗೆ ಕುಳಿತವರ ಮನಸ್ಸನ್ನೂ ಸ್ವಲ್ಪ ಅರಿತುಕೊಳ್ಳುವುದು ಒಳ್ಳೆಯದು. ಅವರಿಗೆ ಸಾಮಾನ್ಯವಾಗಿ ಕಾಯಿಲೆಯ ಹೆಸರಿನಲ್ಲಿ ಆಸಕ್ತಿಯಿಲ್ಲ. ಈ ವ್ಯಕ್ತಿ ಈಗ ದಿನವಿಡೀ ಕೆಲಸ ಮಾಡಬಲ್ಲನೇ, ಮತ್ತೊಮ್ಮೆ ಹೇಳದೆ ಕೇಳದೆ ನಾಪತ್ತೆಯಾಗುವನೇ ಎಂಬೆರಡೇ ಅವರ ಅಳುಕು. ಗಮನಿಸಿ ನೋಡಿದರೆ ಎರಡನೆಯ ಅಳುಕೇ ದೊಡ್ಡದು. ಕಾಯಿಲೆ ಯಾರಿಗೂ ಬರಬಹುದೆಂದು ಧಣಿಗಳಿಗೂ ಗೊತ್ತು. ಆದರೆ ಒಂದು ಮಾತೂ ಹೇಳದೆ ಹೋದವನು ಬಿಟ್ಟುಹೋದ ಅರ್ಧ ಕೆಲಸವನ್ನು ಮುಗಿಸಲು ಪರದಾಡಿದ ಅನುಭವ ಅವರಲ್ಲಿ ಬಹುಮಂದಿಗೆ ಇರುತ್ತದೆ. ಹೀಗಾಗಿ ವಿವರಣೆಯಲ್ಲಿ ಸರಿಪಡಿಸಬೇಕಾದದ್ದು ಕಾಯಿಲೆಯನ್ನಲ್ಲ, ಹಠಾತ್ತಾಗಿ ಹೊರಟುಬಂದ ರೀತಿಯನ್ನು. ಇದನ್ನು ಸರಿಪಡಿಸುವ ಕೆಲಸ ಹೊಸ ಕಚೇರಿಯಲ್ಲಿ ಆರಂಭವಾಗುವುದಿಲ್ಲ, ಹಳೆಯ ಕಚೇರಿಯಲ್ಲಿ ಆರಂಭವಾಗುತ್ತದೆ.

ಅನೇಕರು ಈ ಹೆಜ್ಜೆಯನ್ನೇ ಬಿಟ್ಟುಬಿಡುತ್ತಾರೆ. ನಾಚಿಕೆಯಿಂದ ಹಳೆಯ ಕಚೇರಿಯ ಕಡೆ ಮುಖ ಹಾಕುವುದಿಲ್ಲ. ಅಲ್ಲಿಯ ಕಡತದಲ್ಲಿ 'ತಿಳಿಸದೆ ಗೈರುಹಾಜರಾದವರು' ಎಂಬ ಷರಾ ಹಾಗೆಯೇ ಉಳಿಯುತ್ತದೆ. ನಗರದ ಸಂಸ್ಥೆಗಳು ನೇಮಕಕ್ಕೆ ಮುಂಚೆ ಹಿನ್ನೆಲೆ ಪರಿಶೀಲನೆ ಮಾಡಿಸುವಾಗ ಹೊರಬೀಳುವುದು ಇದೇ ಷರಾ. ಆದುದರಿಂದ ಆರು ತಿಂಗಳೋ ಒಂದು ವರ್ಷವೋ ಕಳೆದಿದ್ದರೂ ಹಿಂದಿನ ಮೇಲಧಿಕಾರಿಗೂ ಸಿಬ್ಬಂದಿ ವಿಭಾಗಕ್ಕೂ ಒಂದು ಪತ್ರ ಬರೆಯಬೇಕು. ಪತ್ರ ದೀರ್ಘವಾಗಿರಬೇಕಿಲ್ಲ. "ಮಾನ್ಯರೇ, ನಾನು ತಮ್ಮ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆನು. ಕಳೆದ ಜುಲೈ ತಿಂಗಳಲ್ಲಿ ತೀವ್ರ ಅನಾರೋಗ್ಯಕ್ಕೆ ಒಳಗಾಗಿ ಆಸ್ಪತ್ರೆಗೆ ಸೇರಬೇಕಾದುದರಿಂದ ಮುಂಚಿತವಾಗಿ ತಿಳಿಸಲು ಸಾಧ್ಯವಾಗಲಿಲ್ಲ. ಇದರಿಂದ ವಿಭಾಗಕ್ಕೆ ಆದ ತೊಂದರೆಗಾಗಿ ವಿಷಾದಿಸುತ್ತೇನೆ. ಚಿಕಿತ್ಸೆಯ ಅವಧಿಯನ್ನು ತೋರಿಸುವ ವೈದ್ಯಕೀಯ ಪ್ರಮಾಣಪತ್ರವನ್ನು ಲಗತ್ತಿಸಿದ್ದೇನೆ. ನನ್ನ ರಾಜೀನಾಮೆಯನ್ನು ಅನಾರೋಗ್ಯದ ಕಾರಣದಿಂದ ಎಂದು ದಾಖಲಿಸಿ, ಬಿಡುಗಡೆ ಪತ್ರವನ್ನೂ ಅನುಭವ ಪತ್ರವನ್ನೂ ದಯಪಾಲಿಸಬೇಕೆಂದು ಕೋರುತ್ತೇನೆ" ಎಂದರೆ ಸಾಕು. ಕಚೇರಿಯ ಕಂಪ್ಯೂಟರು, ಗುರುತಿನ ಚೀಟಿ, ಬೀಗದ ಕೈ ಮುಂತಾದವು ಮನೆಯಲ್ಲಿಯೇ ಉಳಿದಿದ್ದರೆ ಪತ್ರದೊಂದಿಗೆ ಹಿಂದಿರುಗಿಸಬೇಕು. ನೋಟಿಸ್ ಅವಧಿಯ ಸಂಬಳವನ್ನು ಕಟ್ಟಿಕೊಡುವಂತೆ ನೇಮಕಾತಿ ಪತ್ರದಲ್ಲಿ ಷರತ್ತು ಇದ್ದರೆ, ಅನಾರೋಗ್ಯದ ಆಧಾರದ ಮೇಲೆ ಮನ್ನಾ ಮಾಡುವಂತೆಯೋ ಕಂತಿನಲ್ಲಿ ಕಟ್ಟಲು ಅವಕಾಶ ಕೊಡುವಂತೆಯೋ ಕೇಳಬಹುದು. ಕೇಳಿದವರಿಗೆಲ್ಲ ಸಿಗುತ್ತದೆಂದು ನಾವು ಹೇಳಲಾರೆವು. ಪತ್ರಕ್ಕೆ ಉತ್ತರವೇ ಬಾರದಿದ್ದರೂ, ಪತ್ರ ಬರೆದ ದಿನಾಂಕ ಮತ್ತು ಅದರ ಪ್ರತಿ ಕೈಯಲ್ಲಿರುತ್ತವೆ. ಹೊಸ ಕಚೇರಿಯವರ ಮುಂದೆ "ನಾನು ಹೊಣೆ ತಪ್ಪಿಸಿಕೊಂಡವನಲ್ಲ" ಎಂದು ಬಾಯಲ್ಲಿ ಹೇಳುವುದಕ್ಕಿಂತ ಆ ಪ್ರತಿಯೇ ಹೆಚ್ಚು ಹೇಳುತ್ತದೆ.

ಇದೇ ಕಾಲಕ್ಕೆ ಭವಿಷ್ಯನಿಧಿಯ ಖಾತೆಯನ್ನೂ ನೋಡಿಕೊಳ್ಳಬೇಕು. ಪಿ.ಎಫ್. ಕಡಿತವಾಗುತ್ತಿದ್ದ ಪ್ರತಿಯೊಬ್ಬರಿಗೂ ಯು.ಎ.ಎನ್. ಸಂಖ್ಯೆಯಿದ್ದು, ಎಲ್ಲಿ ಯಾವಾಗ ಸೇರಿದರು, ಯಾವಾಗ ಬಿಟ್ಟರು ಎಂಬ ಸೇವಾ ವಿವರ ಅದರಲ್ಲಿ ದಾಖಲಾಗಿರುತ್ತದೆ. ಹಳೆಯ ಸಂಸ್ಥೆ ನಿರ್ಗಮನದ ದಿನಾಂಕವನ್ನು ನಮೂದಿಸದೆ ಬಿಟ್ಟಿದ್ದರೆ, ಕೊನೆಯ ವಂತಿಗೆ ಪಾವತಿಯಾಗಿ ಎರಡು ತಿಂಗಳು ಕಳೆದ ಮೇಲೆ ಸದಸ್ಯರೇ ಅದನ್ನು ನಮೂದಿಸುವ ಸೌಲಭ್ಯ 2020ರಿಂದ ಇದೆ. ಈ ದಾಖಲೆಯಿರುವುದರಿಂದ, ಬಯೋಡೇಟಾದಲ್ಲಿ ತಿಂಗಳುಗಳನ್ನು ಹಿಂದೆ ಮುಂದೆ ಎಳೆದು ಬಿಡುವನ್ನು ಮುಚ್ಚುವ ಉಪಾಯ ಈಗ ನಡೆಯುವುದಿಲ್ಲ. ನಡೆದರೂ ಅದು ತಕ್ಕುದಲ್ಲ.

ಆರೋಗ್ಯದ ದಾಖಲೆಗಳ ವಿಷಯದಲ್ಲಿ ಒಂದು ಅನುಕೂಲವಿದೆ. 2002ರ ವೈದ್ಯಕೀಯ ವೃತ್ತಿ ನಿಯಮಾವಳಿಯ ಪ್ರಕಾರ ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷ ಇಟ್ಟುಕೊಳ್ಳಬೇಕು; ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಅಂದು ಬಿಡುಗಡೆಯ ಸಾರಾಂಶವನ್ನು ಕಳೆದುಕೊಂಡವರು ಈಗಲೂ ಹೋಗಿ ಕೇಳಬಹುದು. ಆದರೆ ಆ ಸಾರಾಂಶವನ್ನು ಉದ್ಯೋಗದಾತರಿಗೆ ಒಪ್ಪಿಸುವ ಅಗತ್ಯವಿಲ್ಲ. ಅವರಿಗೆ ಬೇಕಾದುದು ಕೆಲಸಕ್ಕೆ ಅರ್ಹರೆಂಬ ದೃಢೀಕರಣ ಪತ್ರ, ರೂಢಿಯ ಮಾತಿನಲ್ಲಿ ಫಿಟ್‌ನೆಸ್ ಸರ್ಟಿಫಿಕೇಟ್. ಅದೇ ನಿಯಮಾವಳಿಯಲ್ಲಿ ಅದಕ್ಕೊಂದು ನಮೂನೆಯಿದೆ. ಪರೀಕ್ಷಿಸಿದ ವೈದ್ಯರು, ಈ ವ್ಯಕ್ತಿ ಕಾಯಿಲೆಯಿಂದ ಚೇತರಿಸಿಕೊಂಡಿದ್ದು ಈಗ ಕೆಲಸಕ್ಕೆ ಸೇರಲು ಯೋಗ್ಯರಾಗಿದ್ದಾರೆಂದು ಬರೆದು, ಸಹಿ ಮಾಡಿ, ತಮ್ಮ ನೋಂದಣಿ ಸಂಖ್ಯೆಯನ್ನು ಹಾಕುತ್ತಾರೆ. ರೋಗದ ಹೆಸರನ್ನು ಅದರಲ್ಲಿ ಬರೆಯಲೇಬೇಕೆಂದಿಲ್ಲ. ಚಿಕಿತ್ಸೆ ಮಾಡಿದ ವೈದ್ಯರಿಂದಲೇ ಇದನ್ನು ಪಡೆಯುವುದು ಮೇಲು. ಪರಿಚಯದ ಯಾರೋ ನೋಡದೆಯೇ ಬರೆದುಕೊಟ್ಟ ಚೀಟಿ ಒಂದು ದಿನ ಕೈಕೊಡುತ್ತದೆ.

ಇನ್ನು ಹೇಳುವ ಮಾತಿಗೆ ಬರೋಣ. ಮೌನಕ್ಕೂ ಸುಳ್ಳಿಗೂ ವ್ಯತ್ಯಾಸವಿದೆಯೆಂಬುದು ಇಲ್ಲಿಯ ಮುಖ್ಯ ವಿಚಾರ. ರೋಗದ ಹೆಸರನ್ನು ಹೇಳದಿರುವುದು ಮೌನ. ಅದು ರೋಗಿಯ ಹಕ್ಕು. "ಆ ವರ್ಷ ಊರಿನಲ್ಲಿ ಅಡಕೆ ತೋಟ ನೋಡಿಕೊಳ್ಳುತ್ತಿದ್ದೆ", "ಕೆ.ಎ.ಎಸ್. ಪರೀಕ್ಷೆಗೆ ಓದುತ್ತಿದ್ದೆ" ಎಂದು ಇಲ್ಲದ್ದನ್ನು ಕಟ್ಟಿ ಹೇಳುವುದು ಸುಳ್ಳು. ಮೊದಲನೆಯದರಿಂದ ಯಾರಿಗೂ ಹಾನಿಯಿಲ್ಲ. ಎರಡನೆಯದು ಮುಂದಿನ ಪ್ರಶ್ನೆಯಲ್ಲಿಯೇ ಕುಸಿಯಬಹುದು. ಕುಸಿಯದಿದ್ದರೆ ಸೇರಿದ ಮೇಲೆ ಪ್ರತಿದಿನವೂ ಅದನ್ನು ಕಾಪಾಡಿಕೊಳ್ಳುವ ಹೊರೆ ಬೀಳುತ್ತದೆ. ಕಾಯಿಲೆಯಿಂದ ಎದ್ದವರಿಗೆ ಆ ಹೊರೆ ಬೇಡ.

ಉತ್ತರ ಮೂರು ನಾಲ್ಕು ವಾಕ್ಯಗಳನ್ನು ಮೀರಬಾರದು. "ಕಳೆದ ಜುಲೈಯಲ್ಲಿ ತೀವ್ರ ಅನಾರೋಗ್ಯವಾಗಿ ತುರ್ತಾಗಿ ಚಿಕಿತ್ಸೆಗೆ ಸೇರಬೇಕಾಯಿತು, ನೋಟಿಸ್ ಅವಧಿಯನ್ನು ಪೂರೈಸಲಾಗಲಿಲ್ಲ. ಆಮೇಲೆ ಅವರಿಗೆ ಪತ್ರ ಬರೆದು ವಿಷಯ ತಿಳಿಸಿದ್ದೇನೆ. ಚಿಕಿತ್ಸೆ ಮುಗಿದಿದೆ, ಪೂರ್ಣಾವಧಿ ಕೆಲಸಕ್ಕೆ ಯೋಗ್ಯನೆಂದು ವೈದ್ಯರ ಪತ್ರವೂ ಇದೆ. ಎರಡು ತಿಂಗಳಿಂದ ನಮ್ಮೂರಿನ ಅಂಗಡಿಯೊಂದರ ಜಿ.ಎಸ್.ಟಿ. ಲೆಕ್ಕವನ್ನು ಬರೆಯುತ್ತಿದ್ದೇನೆ." ಇಷ್ಟು ಹೇಳಿ ನಿಲ್ಲಿಸಬೇಕು. ನಿಲ್ಲಿಸುವುದೇ ಕಷ್ಟದ ಭಾಗ. ಅನುಕಂಪ ಬಯಸುವ ಮನಸ್ಸು ಆಸ್ಪತ್ರೆಯ ದಿನಗಳು, ಸಾಲ, ಬಂಧುಗಳ ನಡತೆ ಎಂದು ವಿಸ್ತರಿಸುತ್ತ ಹೋಗುತ್ತದೆ. ಕೇಳುವವರಿಗೆ ಆಗ ವ್ಯಕ್ತಿ ಮರೆಯಾಗಿ ರೋಗವೊಂದೇ ಕಾಣತೊಡಗುತ್ತದೆ. ಹಳೆಯ ಕಚೇರಿಯನ್ನು ದೂರುವುದೂ ಬೇಡ, ದೂರಲು ನಿಜವಾದ ಕಾರಣವಿದ್ದರೂ ಬೇಡ. "ಏನು ಕಾಯಿಲೆ?" ಎಂದು ಅವರು ಒತ್ತಿ ಕೇಳಿದರೆ "ಅದು ನನ್ನ ಸ್ವಂತ ವಿಷಯ" ಎಂದು ಮುಖ ಮುರಿಯಬೇಕಾಗಿಲ್ಲ. "ಅದರ ವಿವರ ವೈದ್ಯರ ಬಳಿ ಇದೆ ಸಾರ್, ಈ ಕೆಲಸಕ್ಕೆ ಅದರಿಂದ ಅಡ್ಡಿಯಿಲ್ಲವೆಂದು ಬರೆದುಕೊಟ್ಟಿದ್ದಾರೆ" ಎಂದು ಮೆಲುದನಿಯಲ್ಲಿ ಹೇಳಬಹುದು. ಕೆಲವರು ಹೆಸರು ಹೇಳಿಬಿಡುವುದೇ ನಿರಾಳವೆಂದು ಬಗೆಯುತ್ತಾರೆ. ಮೂಳೆ ಮುರಿತ, ಡೆಂಗಿ, ಕಾಮಾಲೆ, ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗಳಂಥ ವಿಷಯದಲ್ಲಿ ಅದು ನಿಜ. ಜನರ ಕಲ್ಪನೆಯಲ್ಲಿ ಭಯ ಅಂಟಿಕೊಂಡಿರುವ ಕಾಯಿಲೆಗಳ ವಿಷಯದಲ್ಲಿ ನಾವು ಸಲಹೆ ಕೊಡುವುದು ತಾಳ್ಮೆಯನ್ನು.

ಅಂಥ ಕಾಯಿಲೆಗಳಲ್ಲಿ ಕ್ಷಯವೇ ಮೊದಲನೆಯದು. ಸಾಮಾನ್ಯ ಔಷಧಿಗಳಿಗೆ ಬಗ್ಗುವ ಶ್ವಾಸಕೋಶದ ಕ್ಷಯಕ್ಕೆ ಚಿಕಿತ್ಸೆಯ ಅವಧಿ 6 ತಿಂಗಳು. ಮೊದಲ ತಿಂಗಳುಗಳಲ್ಲಿ ಓಕರಿಕೆ, ಹಸಿವಿಲ್ಲದಿರುವುದು, ನಿಶ್ಶಕ್ತಿಗಳಿಂದ ಕೆಲಸಕ್ಕೆ ಹೋಗಲಾಗದವರು ಉಂಟು. ಅಷ್ಟೇ ಮಂದಿ ಸಹೋದ್ಯೋಗಿಗಳ ಹೆದರಿಕೆಗೆ ಅಂಜಿಯೇ ಕೆಲಸ ಬಿಡುತ್ತಾರೆಂದು ನಮ್ಮ ಭಾವನೆ. ವಾಸ್ತವವಾಗಿ ಸರಿಯಾದ ಔಷಧಿಯನ್ನು ತಪ್ಪದೆ ತೆಗೆದುಕೊಳ್ಳತೊಡಗಿದ ಎರಡು ವಾರಗಳ ಸುಮಾರಿಗೆ ಸಾಮಾನ್ಯವಾಗಿ ಇತರರಿಗೆ ಸೋಂಕು ಹರಡುವ ಸಾಧ್ಯತೆ ಬಹಳಷ್ಟು ಇಳಿದುಹೋಗಿರುತ್ತದೆ. ಚಿಕಿತ್ಸೆ ಪೂರೈಸಿದವರು ಸಹೋದ್ಯೋಗಿಗಳಿಗೆ ಅಪಾಯಕಾರಿಗಳಲ್ಲ. ಔಷಧಿ ಸರ್ಕಾರದಿಂದ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಪೌಷ್ಟಿಕ ಆಹಾರಕ್ಕೆಂದು ಕೊಡುತ್ತಿದ್ದ ತಿಂಗಳಿಗೆ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1000 ರೂಪಾಯಿಗೆ ಏರಿಸಲಾಗಿದೆ. ಚಿಕಿತ್ಸೆ ಪೂರ್ಣಗೊಂಡಿತೆಂಬುದನ್ನು ಆರೋಗ್ಯ ಕೇಂದ್ರದಿಂದ ಬರವಣಿಗೆಯಲ್ಲಿ ಪಡೆದಿಟ್ಟುಕೊಂಡರೆ, ಎಂದಾದರೂ ವಿಷಯ ಹೊರಬಿದ್ದಾಗ ಆಸರೆಯಾಗುತ್ತದೆ. ಕೆಲಸ ಹುಡುಕುವ ಆತುರದಲ್ಲಿ ನಾಲ್ಕನೆಯ ತಿಂಗಳಿಗೇ ಮಾತ್ರೆ ನಿಲ್ಲಿಸುವುದು ಮಾತ್ರ ಘೋರ ಅಪಾಯ. ರೋಗ ಔಷಧಿಗೆ ಬಗ್ಗದ ರೂಪದಲ್ಲಿ ಮರಳಬಹುದು.

ಮನಸ್ಸಿನ ಕಾಯಿಲೆಯಿಂದ ಕೆಲಸ ಬಿಟ್ಟವರ ಕಷ್ಟ ಇನ್ನೂ ಸೂಕ್ಷ್ಮ. ಖಿನ್ನತೆಯಲ್ಲಿ ಕಚೇರಿಯ ಕರೆಗೆ ಉತ್ತರಿಸದೆ ಕುಳಿತದ್ದು ಅಹಂಕಾರದಿಂದಲ್ಲ, ಬೇಜವಾಬ್ದಾರಿಯಿಂದಲೂ ಅಲ್ಲ. ಚಿಕ್ಕ ನಿರ್ಧಾರವನ್ನೂ ಮಾಡಲಾಗದಂತೆ ಮಾಡುವುದು ಆ ರೋಗದ ಲಕ್ಷಣವೇ ಆಗಿದೆ. ನಿದ್ರೆ, ಹಸಿವುಗಳು ಸುಧಾರಿಸಿದ ಮೇಲೂ ಗಮನವಿಟ್ಟು ಕೆಲಸ ಮಾಡುವ ಶಕ್ತಿ ನಿಧಾನವಾಗಿ ಮರಳುವುದುಂಟು. ಚೇತರಿಸಿಕೊಂಡ ಮೇಲೂ ತಿಂಗಳುಗಟ್ಟಲೆ ಔಷಧಿ ಮುಂದುವರಿಯುವುದು ಸಾಮಾನ್ಯ. ಹೊಸ ಕೆಲಸ ಸಿಕ್ಕಿತೆಂದು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಸಂದರ್ಶನದಲ್ಲಿ ಇಂಥವರು "ಅನಾರೋಗ್ಯ" ಎಂಬ ಪದವನ್ನು ಸಂಕೋಚವಿಲ್ಲದೆ ಬಳಸಬಹುದು, ಏಕೆಂದರೆ ಅದು ಅನಾರೋಗ್ಯವೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ವಿವರಗಳು ಗೋಪ್ಯವಾಗಿರುವ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿದೆ. ಮತ್ತೆ ಕೆಲಸಕ್ಕೆ ಹೋಗುವ ಅಂಜಿಕೆಯನ್ನು ಯಾರೊಂದಿಗಾದರೂ ಆಡಿಕೊಳ್ಳಬೇಕೆನಿಸಿದರೆ 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ.

ಕಾನೂನಿನ ರಕ್ಷಣೆ ಎಲ್ಲ ಕಾಯಿಲೆಗಳಿಗೂ ಒಂದೇ ತೆರನಾಗಿಲ್ಲ. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದ್ದು, ಉದ್ಯೋಗಕ್ಕೆ ಪೂರ್ವಷರತ್ತಾಗಿ ಆ ಪರೀಕ್ಷೆಯನ್ನು ಕೇಳುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಮಾನಸಿಕ ಅಸ್ವಸ್ಥತೆ, ಪಾರ್ಕಿನ್ಸನ್, ಕುಡಗೋಲು ಕಣ ರೋಗಗಳೂ ಅದರಲ್ಲಿ ಸೇರಿವೆ. ಸೇವೆಯಲ್ಲಿರುವಾಗ ವೈಕಲ್ಯಕ್ಕೆ ಒಳಗಾದ ಸರ್ಕಾರಿ ನೌಕರರನ್ನು ಆ ಕಾರಣಕ್ಕೆ ತೆಗೆದುಹಾಕುವಂತಿಲ್ಲವೆಂದೂ ಅದು ವಿಧಿಸಿದೆ. ಆದುದರಿಂದ ಸರ್ಕಾರಿ ಕೆಲಸದಲ್ಲಿರುವವರು ಧೃತಿಗೆಟ್ಟು ರಾಜೀನಾಮೆ ಬರೆಯುವ ಮುನ್ನ ವಿಚಾರಿಸಿಕೊಳ್ಳಬೇಕು. ಕಾರ್ಖಾನೆ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ನಮ್ಮ ಹೆಣ್ಣುಮಕ್ಕಳಿಗೆ ಇ.ಎಸ್.ಐ. ಇದೆ. ಅರ್ಹರಾದವರಿಗೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ಅನಾರೋಗ್ಯ ಭತ್ಯ ದೊರೆಯುತ್ತದೆ. ಕ್ಷಯವೂ ಸೇರಿದಂತೆ ಗೊತ್ತುಪಡಿಸಿದ ದೀರ್ಘ ರೋಗಗಳಿಗೆ, ಸೇವೆಯ ಷರತ್ತುಗಳಿಗೆ ಒಳಪಟ್ಟು, ಎರಡು ವರ್ಷಗಳವರೆಗೆ ಶೇ. 80ರಷ್ಟು ವಿಸ್ತೃತ ಭತ್ಯವಿದೆ. ಇದನ್ನು ತಿಳಿಯದೆ ಕೆಲಸ ಬಿಟ್ಟು ಊರಿಗೆ ಮರಳಿದವರು ಎಷ್ಟೋ ಮಂದಿ. ಕಾಯಿಲೆ ಬಿದ್ದ ವಾರವೇ ಇ.ಎಸ್.ಐ. ಚಿಕಿತ್ಸಾಲಯದ ಚೀಟಿಯನ್ನು ಪಡೆದು ಕಾರ್ಖಾನೆಗೆ ತಲುಪಿಸಿದರೆ ಹಠಾತ್ ನಿರ್ಗಮನವೆಂಬ ಪ್ರಸಂಗವೇ ತಪ್ಪಬಹುದು.

ಹೆಸರು ಹೇಳದಿರುವ ಹಕ್ಕಿಗೆ ಮಿತಿಯೂ ಇದೆ. ವಾಹನ ಚಾಲನೆ, ಎತ್ತರದಲ್ಲಿ ನಿಂತು ಮಾಡುವ ಕೆಲಸ, ತಿರುಗುವ ಯಂತ್ರಗಳ ಬಳಿಯ ಕೆಲಸಗಳಿಗೆ ಹೋಗುವವರು ಅಪಸ್ಮಾರ ಅಥವಾ ಎಚ್ಚರ ತಪ್ಪುವ ತೊಂದರೆಯನ್ನು ಮುಚ್ಚಿಡಬಾರದು; ಚಾಲನಾ ಪರವಾನಗಿಯ ಅರ್ಜಿಯೊಂದಿಗೆ ಕೊಡುವ ದೇಹಸ್ಥಿತಿಯ ಘೋಷಣೆಯಲ್ಲಿಯೇ ಈ ಪ್ರಶ್ನೆಯಿದೆ. ಎದೆ ತೆರೆದು ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಎದೆಮೂಳೆ ಕೂಡಿಕೊಳ್ಳಲು ಎರಡು ತಿಂಗಳಷ್ಟು ಬೇಕಾಗುವುದರಿಂದ, ಭಾರ ಎತ್ತುವ ಕೆಲಸವಾದರೆ ಅದನ್ನು ಮೊದಲೇ ತಿಳಿಸಬೇಕು. ಆಯ್ಕೆಯ ಅನಂತರ ವೈದ್ಯಕೀಯ ಪರೀಕ್ಷೆಯ ನಮೂನೆಯಲ್ಲಿ ಹಿಂದಿನ ಕಾಯಿಲೆಗಳ ಬಗ್ಗೆ ಬರವಣಿಗೆಯಲ್ಲಿ ಕೇಳಿದಾಗ ಸುಳ್ಳು ಬರೆಯಕೂಡದು. ಆ ಸುಳ್ಳೇ ಮುಂದೆ ಕೆಲಸದಿಂದ ತೆಗೆಯಲು ಕಾರಣವಾಗಬಹುದು. ಆ ನಮೂನೆಯ ವಿವರವನ್ನು ವೈದ್ಯರಿಗೆ ನೇರವಾಗಿ ಕೊಡುತ್ತೇನೆಂದು ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ.

ಮಾತಿನ ಸಿದ್ಧತೆಯಷ್ಟೇ ದೇಹದ ಸಿದ್ಧತೆಯೂ ಮುಖ್ಯ. ಸಂದರ್ಶನಕ್ಕೆ ಮೂರು ನಾಲ್ಕು ವಾರ ಮೊದಲಿನಿಂದ ಕಚೇರಿಯ ವೇಳೆಗೇ ಏಳಬೇಕು, ಸ್ನಾನ ಪೂಜೆ ಮುಗಿಸಿ ಕುಳಿತು ಏನಾದರೊಂದು ಕೆಲಸವನ್ನು ಗಂಟೆಗಳ ಲೆಕ್ಕದಲ್ಲಿ ಹೆಚ್ಚಿಸುತ್ತ ಹೋಗಬೇಕು. ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡಬೇಕಾದ ಕೆಲಸವಾದರೆ, ಎರಡು ಮೂರು ದಿನ ಸುಮ್ಮನೆ ಹೋಗಿ ಬಂದು ನೋಡಬೇಕು. ಸಂಜೆಗೆ ದೇಹ ಏನು ಹೇಳುತ್ತದೆಂಬುದು ಅದರಿಂದ ತಿಳಿಯುತ್ತದೆ. ಇನ್ನೂ ಸುಸ್ತಾಗುತ್ತಿದ್ದರೆ ಅರ್ಧ ದಿನದ ಕೆಲಸದಿಂದ ಆರಂಭಿಸುವುದು ಜಾಣತನ. ಸಂಬಳ ಕಡಿಮೆಯಾದರೂ ಬಯೋಡೇಟಾದ ಬಿಡುವಿಗೆ ಅಲ್ಲಿ ಅಂತ್ಯ ಬೀಳುತ್ತದೆ. ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕಾಗಿದ್ದರೆ ಅದನ್ನು ಸೇರುವ ಮುನ್ನವೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಮುಂಚಿತವಾಗಿ ತಿಳಿಸುವವನೆಂಬ ನಂಬಿಕೆ ಹೊಸ ಧಣಿಯಲ್ಲಿ ಹುಟ್ಟುವುದು ಇಂಥ ಸಣ್ಣ ಮಾತಿನಿಂದಲೇ.

ಮನೆಯವರಿಗೂ ಒಂದು ಸೂಚನೆ. ಮಗನ ಕಾಯಿಲೆಯ ಕಥೆಯನ್ನು ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ, ದಾಸೋಹದ ಪಂಕ್ತಿಯಲ್ಲಿ ಕುಳಿತು ಹೇಳುವುದು ಬೇಡ. ಊರಿನವರೇ ಯಾರೋ ಆ ಕಚೇರಿಯಲ್ಲಿ ಇರುತ್ತಾರೆ.

ಕೊನೆಯದಾಗಿ, ಈ ಪತ್ರಿಕೆಯನ್ನು ಓದುವವರಲ್ಲಿ ಕೆಲಸ ಕೊಡುವವರೂ ಇದ್ದಾರೆ. ಮಠಗಳ ಶಾಲೆ ಕಾಲೇಜುಗಳ ಮುಖ್ಯಸ್ಥರು, ಅಂಗಡಿ, ಗಿರಣಿಗಳ ಮಾಲೀಕರು, ಸಹಕಾರಿ ಬ್ಯಾಂಕುಗಳ ನಿರ್ದೇಶಕರು ನಮ್ಮ ಭಕ್ತವರ್ಗದಲ್ಲಿ ಕಡಿಮೆಯಿಲ್ಲ. ಅರ್ಜಿಯಲ್ಲಿ ಒಂದು ವರ್ಷದ ಬಿಡುವು ಕಂಡಾಗ ಅವರು ಕೇಳಬೇಕಾದ ಪ್ರಶ್ನೆಗಳು ಎರಡೇ: ಈ ಕೆಲಸವನ್ನು ಈಗ ಮಾಡಬಲ್ಲಿರಾ? ಮಾಡಲು ನಮ್ಮಿಂದ ಏನಾದರೂ ಅನುಕೂಲ ಬೇಕೇ? ಅಭ್ಯರ್ಥಿ ತಾನಾಗಿಯೇ ರೋಗದ ಹೆಸರನ್ನು ಹೇಳಿದರೆ ಅದು ಆ ಕೋಣೆಯಲ್ಲಿಯೇ ಉಳಿಯಬೇಕು; ಆಯ್ಕೆ ಸಮಿತಿಯ ಟಿಪ್ಪಣಿಯಲ್ಲಿ ಬರೆಯುವುದಾಗಲಿ, ಬೋಧಕರ ಕೊಠಡಿಯಲ್ಲಿ ಆಡುವುದಾಗಲಿ ಕೂಡದು. ಸೇರಿದವರಿಗೆ ಮೊದಲ ಮೂರು ತಿಂಗಳು ತಪಾಸಣೆಗಾಗಿ ತಿಂಗಳಿಗೆ ಅರ್ಧ ದಿನದ ರಜೆಯನ್ನು ಕೇಳದೆಯೇ ಮಂಜೂರು ಮಾಡುವುದು ಯಾವ ಸಂಸ್ಥೆಗೂ ಹೊರೆಯಾಗಲಾರದು.